ನಡುವಿನ ಒಂಬತ್ತು, ಕೊನಿ ಒಂಬತ್ತು

ಹೋದ ವಾರ ಒಬ್ಬ ಪುಣ್ಯಾತ್ಮನ ಮೇಲ್ ಬಂದಿತ್ತು. ನಾ ಬರದ ಪ್ರೋಗ್ರಾಮ್ ಭಾಳ ಛಲೋ ಐತೆಂತ, ಆದ್ರ ದನಿ ರೆಕಾರ್ಡ್ ಮಾಡಿದಾಗ ಬ್ಯಾಡಾದ ಕಸಾ ಎಲ್ಲಾ ಹಂಗ ಇಟ್ಕೋತೈತೆಂತ. ಕೆಮ್ಮು, ಫ್ಯಾನಿನ ಸಪ್ಪಳ, ಹೊರಗ ನಾಯಿ ಬೊಗಳಿದ್ದು, ಎಲ್ಲಾ ಒಂದು ಫೋಲ್ಡರಿನ್ಯಾಗ ಬಿದ್ದಿರ್ತೈತಿ, ಅದು ತನ್ನಷ್ಟಕ್ಕ ತಾನ ಅಳಿಸಿ ಹೋಗೂವಂಗ ಮಾಡ್ರಿ ಮೇಡಂ ಅಂತ ಕೇಳ್ಯಾನ. ಹಿಂಗ ಕೇಳಿದಾವ್ರಾಗ ಇವನ ಮೊದಲನೇದಾಂವ ಅಲ್ಲ. ಮಂದಿ ಏನ ಕೇಳಿದ್ರೂ, ಬೈಕೋತ ಯಾಕಾಗ್ಲಿ, ಮಾಡಿ ಕೊಡಾಕಿ ನಾನು. ಇದೊಂದು ಮಾತ್ರ ಒಮ್ಮೆ ಮಾಡಿ ತಗದು ಹಾಕೇನಿ, ಮತ್ತ ಮಾಡೂದಿಲ್ಲ. "ಜಾಗಾ ಸಾಲದಿದ್ರ ದೊಡ್ಡ ಡಿಸ್ಕ್ ತಗೋರಿ" ಅಂತ ಒಂದ ಸಾಲು ಬರದು ಕಳಿಸಿದೆ. ಎಂಥಾ ಸೊಕ್ಕಿನಾಕಿ ಅಂದಿರಬೇಕು. ಅನ್ಲಿ.

ನಾನು ಧಾರವಾಡದಾಕಿ. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಾಗ ದೊಡ್ಡ ಮಷಿನ್‌ಗೋಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡೂ ಒಂದು ಕಾರ್ಖಾನಿ ಐತಿ, ಅಲ್ಲಿ ಆ ಪ್ಯಾನೆಲ್‌ಗೆ ಪ್ರೋಗ್ರಾಮ್ ಬರಿಯೂದು ನನ್ನ ಹೊಟ್ಟಿಪಾಡು. ಹುಚ್ಚು ಅಂದ್ರ ಹ್ಯಾಮ್ ರೇಡಿಯೋ. ಸರಕಾರದ ಪರೀಕ್ಷಾ ಬರದು, ಲೈಸೆನ್ಸ್ ತಗೊಂಡು, ಮಾಳಗಿ ಮ್ಯಾಲ ತಂತಿ ಕಟ್ಟಿ, ಗುರ್ತು ಪರಿಚಯ ಇಲ್ಲದ ಪರದೇಶದ ಮಂದಿ ಜೋಡಿ ಮಾತಾಡೂ ಹುಚ್ಚು. ಇದರಾಗ ಸ್ಪರ್ಧಾ ಇರ್ತಾವ. ಶನಿವಾರ ರವಿವಾರ ಕುಂತು ಎಷ್ಟು ದೇಶದ ಎಷ್ಟು ಮಂದೀನ ಹಿಡೀತೀರಿ ಅನ್ನೂದು ಲೆಕ್ಕ. ಒಬ್ಬೊಬ್ಬರ ಜೋಡಿ ಮಾತು ಕಣ್ಣು ಮುಚ್ಚಿ ತೆಗಿಯೂದ್ರಾಗ ಮುಗೀತೈತಿ. ಅವರ ಗುರ್ತಿನ ಅಕ್ಷರ, ಅವರ ದನಿ ಹೆಂಗ ಕೇಳ್ತು ಅನ್ನೂ ಎರಡು ಅಂಕಿ, ಇದು ನನ್ನ ಎಷ್ಟನೇ ಮಾತುಕತಿ ಅನ್ನೂ ನಂಬರು, ಅಷ್ಟ. ಅದನ್ನ ಬರಕೊಳ್ಳಾಕ, ಹಿಡದಾವ್ರನ್ನ ಮತ್ತ ಹಿಡೀದಂಗ ನೋಡ್ಕೊಳ್ಳಾಕ ಒಂದು ಪ್ರೋಗ್ರಾಮ್ ಬೇಕು. ನಾ ನನ್ನ ಸಲುವಾಗಿ ಒಂದು ಬರಕೊಂಡಿದ್ದೆ. ಗೆಳ್ಯಾರು ಕೇಳಿದ್ರು, ಕೊಟ್ಟೆ. ಅವರ ಗೆಳ್ಯಾರು ಕೇಳಿದ್ರು, ಅವರಿಗೂ ಕೊಟ್ಟೆ. ಅಲ್ಲಿಂದ ಸುರು ಆತು ನೋಡ್ರಿ ನನಗ ತಕರಾರಿನ ಸುರಿಮಳಿ. ಬಟನ್ ಸಣ್ಣದಾತು, ಅಕ್ಷರ ಕಾಣೂದಿಲ್ಲ, ಬಣ್ಣ ಬ್ಯಾಡ, ಬಣ್ಣ ಬೇಕು. ಪುಕ್ಕಟ ಕೊಟ್ಟಿದ್ದಕ್ಕ ಇಷ್ಟು ಮಾತು!

ಎಲ್ಲಾರಕಿಂತ ಜಾಸ್ತಿ ನನ್ನ ಜೀವಾ ತಿಂದಾವ್ರು ಹಳೇ ಹುಬ್ಬಳ್ಳಿಯ ಒಬ್ಬ ಕಾಕಾ. ಸಂಬಂಧದಲೆ ಕಾಕಾ ಅಲ್ಲ, ವಯಸ್ಸಿನಲೆ. ಅಮರಗೋಳದ ಮಾರ್ಕೆಟ್ ಯಾರ್ಡಿನ್ಯಾಗ ಅವ್ರದು ದಲಾಲಿ ಅಂಗಡಿ. ಹತ್ತಿ, ಶೇಂಗಾ, ಉಳ್ಳಾಗಡ್ಡಿ ರಾಶಿ ಮುಂದ ನಿಂತು ಲಿಲಾವು ಕೂಗಿ ಕೂಗಿ ತಯಾರಾದ ದನಿ ಅವ್ರದು. ಮೈಕ್ ಹತ್ರ ತಂದ್ರ ಮೈಕ್ ಹೆದರಬೇಕು. ಆಮ್ಯಾಲ ಯಾರ್ಡಿಗೂ ಕಂಪ್ಯೂಟರ್ ಬಂತು, ದರಾ ಎಲ್ಲಾ ಮೊಬೈಲಿನ್ಯಾಗ ಹಾಕಾಕತ್ರು, ಕೂಗೂದು ನಿಂತು ಹೋತು. ಅಂಗಡಿ ಮಗಾ ನೋಡ್ಕೊಳ್ಳಾಕತ್ತ. ಕಾಕಾನ ದನಿಗೆ ಉಳದದ್ದು ರೇಡಿಯೋ ಒಂದ. ಅಲ್ಲಿ ಮಾತ್ರ ಇನ್ನೂ ಕೂಗಬಹುದಿತ್ತು, ರಷ್ಯಾದ ತನಕ, ಇಟಲಿ ತನಕ.

ಅವ್ರ ಮೊದಲನೇ ಫೋನ್ ನನಗ ಇವತ್ತೂ ನೆನಪೈತಿ. ಹೆಸರಿಲ್ಲ, ನಮಸ್ಕಾರ ಇಲ್ಲ.

"ಏನ್ವಾ, ಈ ಖಾನೆ ಯಾಕ ಖಾಲಿ ಬಿಟ್ಟಿ?"

ಯಾವ ಖಾನೆ ಅಂದ್ರ, ಎದುರಿನವರ ದನಿ ಹೆಂಗ ಕೇಳ್ತು ಅಂತ ಬರಕೊಳ್ಳೂ ಖಾನೆ. ನಮ್ಮ ಮಂದ್ಯಾಗ ಅದನ್ನ ಎರಡು ಅಂಕಿಲೆ ಹೇಳ್ತೇವಿ. ಮಾತು ಎಷ್ಟು ತಿಳೀತು ಅನ್ನೂದಕ್ಕ ಐದರ ತನಕ ಒಂದಂಕಿ, ದನಿ ಎಷ್ಟು ಗಟ್ಟಿ ಬಂತು ಅನ್ನೂದಕ್ಕ ಒಂಬತ್ತರ ತನಕ ಇನ್ನೊಂದಂಕಿ. ಫೈವ್ ನೈನ್ ಅಂದ್ರ, ನಿಮ್ಮ ಮಾತು ಪೂರ್ತಿ ತಿಳೀತು, ದನಿ ಗಟ್ಟಿ ಕೇಳಾಕತ್ತೈತಿ ಅಂತ. ಆದ್ರ ಸ್ಪರ್ಧಾದಾಗ ಒಂದು ರಿವಾಜು ಐತಿ. ಎಲ್ಲಾರೂ ಎಲ್ಲಾರಿಗೂ ಫೈವ್ ನೈನ್ ಅಂತಾರ. ಎದುರಿನವ ಬಾವ್ಯಾಗಿಂದ ಪಿಸುಗುಟ್ಟಿದಂಗ ಕೇಳ್ಲಿ, ಅರ್ಧಾ ಅಕ್ಷರ ನುಂಗಿ ಹೋಗ್ಲಿ, ನೀವು ಫೈವ್ ನೈನ್, ಮತ್ತೊಮ್ಮೆ ಹೇಳ್ರಿ ಏನೂ ತಿಳೀಲಿಲ್ಲ ಅಂತಾರ! ನನಗ ಈ ಸುಳ್ಳು ಸೇರತಿರಲಿಲ್ಲ. ಖರೇ ಎಷ್ಟು ಕೇಳ್ತೈತೋ ಅಷ್ಟ ತುಂಬಲಿ ಅಂತ ಖಾನೆ ಖಾಲಿ ಬಿಟ್ಟಿದ್ದೆ. ಹಂಗಂತ ಕಾಕಾಗ ಹೇಳಿದೆ. ಅವ್ರು ನಕ್ಕಿದ್ದಕ್ಕ ಫೋನ್ ಕಿವಿಯಿಂದ ದೂರ ಹಿಡಿಬೇಕಾತು.

"ಖರೇ ಹೇಳ್ಕೋತ ಕುಂತ್ರ ಸಂತಿ ಮುಗದಿರ್ತೈತೆವಾ. ಫೈವ್ ನೈನ್ ತಾನ ತುಂಬಿರಬೇಕು. ಮಾಡ ಲಗೂನ."

ಮಾಡಿದೆ. ಮತ್ತೇನು ಮಾಡ್ಲಿ? ಆಮ್ಯಾಲ ತಿಂಗಳಿಗೊಂದು ತಕರಾರು, ಒಮ್ಮೊಮ್ಮೆ ದಿನಕ್ಕೊಂದು. ಬೈಕೋತ ಮಾಡ್ತಿದ್ದೆ, ಮಾಡಿದ ಮ್ಯಾಲ ಪ್ರೋಗ್ರಾಮ್ ಖರೇನ ಸುಧಾರಿಸಿರ್ತಿತ್ತು. ಅದ ನನಗ ಇನ್ನೂ ಸಿಟ್ಟು ತರ್ತಿತ್ತು. ಸಿ ಕ್ಯೂ ಅಂತ ಕರಿಯೂದನ್ನ, ಅಂದ್ರ ಯಾರರ ಅದೀರೇನು ಅಂತ ಕೂಗೂದನ್ನ, ಒಮ್ಮೆ ರೆಕಾರ್ಡ್ ಮಾಡಿಟ್ಟು ಒಂದ ಕೀ ಒತ್ತಿ ಕೂಗಿಸೂದು ಅವರ ಕೇಳಿದ್ದ. "ನನ್ನ ಗಂಟಲಕ್ಕ ಒಂಚೂರು ಆರಾಮ ಸಿಗ್ಲಿ" ಅಂದಿದ್ರು. ಗಂಟಲದಾಗ ಆಗಲೇ ಏನೋ ಸುರು ಆಗಿತ್ತು, ನಮಗ ಗೊತ್ತಿರಲಿಲ್ಲ.

ಎಲಿ, ಅಡಿಕಿ, ತಂಬಾಕು. ಯಾರ್ಡಿನ ಮಂದಿಗೆ ಅದೇನು ಚಟಾ ಅಂತ ಅನ್ಸೂದ ಇಲ್ಲ, ಚಾ ಇದ್ದಂಗ. ಮೊದಲ ದನಿ ಒಡೀತು, ಆಮ್ಯಾಲ ಗಂಟಲಾಗ ಏನೋ ಸಿಕ್ಕೊಂಡಂಗ ಆತು, ಆಮ್ಯಾಲ ಡಾಕ್ಟರ್ ಒಳಗ ಕೊಳವಿ ಬಿಟ್ಟು ನೋಡಿದ್ರು. ಕ್ಯಾನ್ಸರ್. ದನಿಪೆಟ್ಟಿಗಿ ಪೂರ್ತಿ ತೆಗೀಬೇಕು, ಕುತ್ತಿಗ್ಯಾಗ ತೂತು ಮಾಡ್ತೇವಿ, ಅಲ್ಲಿಂದ ಉಸಿರಾಡಬೇಕು, ಮಾತು ಹೋಗ್ತೈತಿ. ಅಷ್ಟು ಸ್ವಚ್ಛ ಹೇಳಿ ತಾರೀಖು ಕೊಟ್ಟು ಕಳಿಸಿದ್ರು.

ಈ ಸುದ್ದಿ ಕಾಕಾ ನನಗ ಹೇಳಿದ್ದೂ ತಕರಾರಿನಂಗ. ನಾನು ಕಾರ್ಖಾನ್ಯಾಗ ಇದ್ದೆ, ಮಷಿನ್ ಸಪ್ಪಳಕ್ಕ ಅವ್ರ ಒಡಕ ದನಿ ಕೇಳಸಲಿಲ್ಲಂತ ಹೊರಗ ಬಂದು ಗೇಟಿನ ಹತ್ರ ನಿಂತೆ.

"ಯವ್ವಾ, ನಿನ್ನ ಪ್ರೋಗ್ರಾಮಿನ್ಯಾಗ ಆ ಸಿ ಕ್ಯೂ ಕೂಗೂ ಕೀ ಐತೆಲ್ಲ, ಅದನ್ನ ದೊಡ್ಡದು ಮಾಡಬೇಕು. ಬರೇ ಸಿ ಕ್ಯೂ ಸಾಲೂದಿಲ್ಲ. ಎಲ್ಲಾ ಅಕ್ಷರ, ಎಲ್ಲಾ ಅಂಕಿ ನನ್ನ ದನಿಲೆ ಇಡ. ನಾ ಬರೇ ಟೈಪ್ ಮಾಡಬೇಕು, ಅದು ನನ್ನಂಗ ಮಾತಾಡಬೇಕು." ಆಮ್ಯಾಲ ಯಾಕಂತ ಹೇಳಿದ್ರು.

ಇಂಥಾ ಸುದ್ದಿ ಕೇಳಿದಾಗ ನನಗ ಅಳು ಬರೂದಿಲ್ಲ, ಸಿಟ್ಟು ಬರ್ತೈತಿ. "ಕಾಕಾ, ನಿಮಗ ತಲಿ ಐತೇನ್ರಿ? ಜೀವದ ಪ್ರಶ್ನೆ ಬಂದೈತಿ, ನೀವು ಸ್ಪರ್ಧಾ ಅಂತೀರಿ!" ಅಂತ ಒದರಿದೆ.

"ಜೀವಾ ಡಾಕ್ಟರ್ ನೋಡ್ಕೋತಾನ. ದನಿ ನೀ ನೋಡ್ಕೋ" ಅಂದ್ರು.

ರಜಾದ ದಿನ ಎಲ್ಲಾ ನಾನು ಹಳೇ ಹುಬ್ಬಳ್ಳಿಗೆ ಹೋಗಾಕ ಸುರು ಮಾಡಿದೆ. ಓಣಿ ಭಾಳ ಸಣ್ಣದು, ಎರಡು ಸೈಕಲ್ ಎದುರಾದ್ರ ಒಂದು ಹಿಂದ ಸರೀಬೇಕು. ಕಾಕಾನ ರೇಡಿಯೋ ಖೋಲಿ ಮ್ಯಾಲ, ಅಡಿಗಿಮನಿ ಕೆಳಗ, ನಡುವ ಕಟಗಿ ಏಣಿಮೆಟ್ಟಲ. ಬಾಜೂಮನಿ ದರ್ಜಿಯವರ ಹೊಲಿಗಿ ಮಷಿನ್ ಸಪ್ಪಳ ಗ್ವಾಡಿ ದಾಟಿ ಬರ್ತಿತ್ತು. ಪಾಪ, ವಿಷಯ ತಿಳದ ಮ್ಯಾಲ ನಾವು ರೆಕಾರ್ಡ್ ಮಾಡೂ ಹೊತ್ತಿನ್ಯಾಗ ಅವ್ರು ಮಷಿನ್ ನಿಲ್ಲಿಸಿ ಗುಂಡಿ ಕಾಜ ಮಾಡ್ಕೋತ ಕುಂದರ್ತಿದ್ರು. ಮಸೂತಿಯ ಅಜಾನ್ ಆದ್ರ ನಾವು ನಿಲ್ಲಿಸ್ತಿದ್ವಿ. ಫ್ಯಾನ್ ಬಂದ್. ಕಿಡಕಿ ಬಂದ್. ಬೆವರು ಸುರೀತಿತ್ತು. ಕಾಕಿ, ಅಂದ್ರ ಕಾಕಾನ ಹೇಣ್ತಿ, ಬಿಸಿನೀರು, ಚಾ, ಮತ್ತ ಬಿಸಿನೀರು ತಂದು ಇಟ್ಟು ಹೋಗ್ತಿದ್ರು. ಅವ್ರಿಗೆ ರೇಡಿಯೋದ ಮಾತು ಒಂದೂ ತಿಳೀತಿರಲಿಲ್ಲ, ಓದಾಕ ಬರಿಯಾಕೂ ಬರ್ತಿರಲಿಲ್ಲ. ಗಂಡ ಯಾರ ಜೋಡಿನೋ ಒದರಾಡ್ತಾರ ಅಂತಷ್ಟ ಗೊತ್ತು.

ಮೊದಲ ದಿನದ ಅಂಕಿ ಎಲ್ಲಾ ಜೋಡಿಸಿ ಕೇಳಿಸಿದೆ. ಕಾಕಾ ಮಾರಿ ಸಿಂಡರಿಸಿದ್ರು. "ಏ, ಇದೇನ್ವಾ? ಹುಬ್ಬಳ್ಳಿ ಸ್ಟೇಷನ್‌ದಾಗ ಗಾಡಿ ಬರೂ ಸುದ್ದಿ ಹೇಳಿದಂಗ ಐತಿ. ಮನಷ್ಯಾ ಹಿಂಗ ಮಾತಾಡ್ತಾನೇನು?"

ತಪ್ಪೇನಂತ ಅವರ ಹೇಳಿದ್ರು. ಲಿಲಾವು ಕೂಗೂ ಮನಷ್ಯಾ ಅವ್ರು. ದರಾ ಏರೂವಾಗಿನ ಒಂಬತ್ತು ಬ್ಯಾರೆ, ಇಷ್ಟಕ್ಕ ಮುಗೀತು ಮಾಲು ನಿಂದು ಅನ್ನೂವಾಗಿನ ಒಂಬತ್ತು ಬ್ಯಾರೆ. ಮೊದಲನೇದು ಮ್ಯಾಲ ಹೋಗಿ ನಿಲ್ತೈತಿ, ಎರಡನೇದು ಕೆಳಗ ಇಳದು ಕುಂದರ್ತೈತಿ. ನಡುವಿನ ಒಂಬತ್ತು, ಕೊನಿ ಒಂಬತ್ತು. ಎಲ್ಲಾ ಅಂಕಿಗೂ ಹಂಗ ಎರಡೆರಡು ಬೇಕು, ಪ್ರೋಗ್ರಾಮ್ ಜಾಗಾ ನೋಡಿ ತಾನ ಆರಿಸ್ಕೋಬೇಕು. ಖರೇ ಹೇಳ್ತೇನಿ, ಅದನ್ನ ಮಾಡಿದ ಮ್ಯಾಲ ಕೇಳಿ ನನಗ ಮೈ ಜುಂ ಅಂತು. ಮಷಿನ್ ಅಂತ ಗೊತ್ತಾಗ್ತಿರಲಿಲ್ಲ.

ಆದ್ರ ಕಾಕಾಗ ಸಮಾಧಾನ ಎಲ್ಲಿದು? ಆರು ಮೂಗಿನ್ಯಾಗ ಅಂದಂಗ ಆತು, ಏಳಕ್ಕ ಉಸಿರು ಸಾಲಲಿಲ್ಲ, ಎಂಟು ಸಿಟ್ಟಿಲೆ ಅಂದೇನಿ. ಮತ್ತ ಮತ್ತ. ದನಿ ದಿನದಿಂದ ದಿನಕ್ಕ ಒಡದು ಹೊಂಟಿತ್ತು, ಬೆಳಿಗ್ಗೆ ಎದ್ದ ಕೂಡಲೇ ಒಂಚೂರು ಹೊತ್ತು ಮಾತ್ರ ಹಳೇ ದನಿ ಬರ್ತಿತ್ತು. ಆ ಹೊತ್ತೆಲ್ಲಾ ಅಂಕಿಗೆ ಹೋಗ್ತಿತ್ತು. ಅಂಕಿ ಹಿಂದ ಮುಂದ ಕೆಮ್ಮು, ಉಸಿರು, ಕುರ್ಚಿ ಸಪ್ಪಳ ಉಳೀತೈತಿ ಅಂತ ಹೊಸಾ ತಕರಾರು ಬಂತು. "ಹಿಂದ ಮುಂದಿನ ಕಸಾ ಎಲ್ಲಾ ತಾನ ಕತ್ತರಿಸಿ ಒಗೀಬೇಕು. ಕಾಳು ಅಷ್ಟ ಉಳೀಬೇಕು, ಹೊಟ್ಟು ಹಾರಿ ಹೋಗಬೇಕು" ಅಂದ್ರು. ಅದನ್ನೂ ಮಾಡಿದೆ. ಸ್ವಚ್ಛ ದನಿ ಸಿಕ್ಕ ಕೂಡಲೇ ಪ್ರೋಗ್ರಾಮ್ ಬಾಕಿದನ್ನ ಅಳಿಸಿಬಿಡ್ತಿತ್ತು. ಒಂದ ಸಲ ಸೈತ ತಪ್ಪಲಿಲ್ಲ.

ಕೊನಿ ಒಂಬತ್ತು ಹೇಳೂ ದಿನ ಒಂದು ತಮಾಷಿ ಆತು. ಬೆಳಿಗ್ಗೆಯಿಂದ ಹತ್ತಿತ್ತು, ಒಂದೂ ಕಾಕಾನ ಮನಸಿಗೆ ಬರವಲ್ದು. ಕಡೀಕ ಒಂದು ಛಲೋ ಬಂತು, ಬಾಯಿ ತಗದು "ನೈನ್" ಅಂದು ಮುಗಸೂದಕ್ಕೂ ಕೆಳಗ ಕುಕ್ಕರ್ ಸೀಟಿ ಹೊಡಿಯೂದಕ್ಕೂ ಸರಿ ಆತು. ಕಾಕಾ ಏಣಿ ಕಡೆ ಹೊಳ್ಳಿ, ಇದ್ದಷ್ಟು ದನಿ ಎಲ್ಲಾ ಕೂಡಿಸಿ ಒದರಿದ್ರು.

"ಏ ಇವಳ! ಆ ಕುಕ್ಕರ್ ಬಂದ್ ಮಾಡ! ಇಲ್ಲಿ ರೆಕಾರ್ಡಿಂಗ್ ನಡದೈತಿ!"

ಕೆಳಗಿಂದ ಅಷ್ಟ ಜೋರಾಗಿ ಉತ್ತರ ಬಂತು. "ಬ್ಯಾಳಿ ಬೇಯೂದು ಬ್ಯಾಡೇನ್ರಿ? ಮಧ್ಯಾಹ್ನ ನೈನ್ ತಿಂತೀರೇನು?"

ನಾ ಬಿದ್ದ ಬಿದ್ದ ನಕ್ಕೆ. ಕಾಕಾನೂ ನಕ್ಕು, ನಕ್ಕಿದ್ದಕ್ಕ ಕೆಮ್ಮು ಹತ್ತಿ, ಕೆಮ್ಮಿ ಕೆಮ್ಮಿ ಮಾರಿ ನೀಲಿ ಆತು. ನಗು ಅಲ್ಲೇ ನಿಂತ್ತು.

ಅವತ್ತ ಹೊಂಡುವಾಗ ನಾ ಕೇಳಿದೆ, "ಕಾಕಾ, ಅಂಕಿ ಅಕ್ಷರ ಆದ್ವು. ಮನ್ಯಾಗಿನ ಒಂದ ನಾಕು ಮಾತೂ ಇಡೂಣಲ್ಲ? ಊಟಕ್ಕ ಹಾಕ, ನೀರ ಕೊಡ, ಇಲ್ಲಿ ಬಾ. ಕಾಕಿಗೆ ಓದಾಕ ಬರೂದಿಲ್ಲ, ನೀವು ಬರದು ತೋರಿಸಿದ್ರ ಏನು ತಿಳೀಬೇಕು ಅವ್ರಿಗೆ?"

"ಅಕಿ ಜೋಡಿ ಇನ್ನೇನ ಮಾತಾಡೂದೈತಿ? ಹುಬ್ಬು ಏರಿಸಿದ್ರ ತಿಳೀತೈತಿ ಅಕಿಗೆ" ಅಂದ್ರು. ನಾ ಹೆಗಲಿಗೆ ಹಾಕಿದ್ದ ಬ್ಯಾಗ್ ಮತ್ತ ಕೆಳಗ ಇಟ್ಟೆ. ಆಮ್ಯಾಲ ಸಣ್ಣ ದನಿಲೆ, "ಆತು. ಬರೂ ರವಿವಾರ ಮಾಡೂಣು. ಮೊದಲ ಒಂಬತ್ತು ಸರಿ ಆಗ್ಲಿ" ಅಂದ್ರು.

ಆ ರವಿವಾರ ಬರಲೇ ಇಲ್ಲ. ವಾರದ ನಡುವ ಒಂದು ಮಧ್ಯಾಹ್ನ ಉಸಿರು ಕಟ್ಟಿ, ಮಗಾ ಹಂಗ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಓಡ್ಯಾನ. ಗಂಟಲಾಗಿನ ಗಡ್ಡಿ ಬೆಳದು ಗಾಳಿ ದಾರಿ ಮುಚ್ಚಿತ್ತು. ನಿಂತ ಕಾಲ ಮ್ಯಾಲ ಕುತ್ತಿಗಿ ಕೊರದು ನಳಿಗಿ ಹಾಕಿದ್ರು, ಅದರ ಬೆನ್ನಿಗೆ ದೊಡ್ಡ ಆಪರೇಶನ್. ನಾ ಹೋಗೂದ್ರಾಗ ಕಾಕಾ ಹಾಸಿಗಿ ಮ್ಯಾಲ ಕಣ್ಣು ಬಿಟ್ಕೊಂಡು ಮಲಗಿದ್ರು, ಕುತ್ತಿಗಿ ತೂತಿನಿಂದ ಉಸಿರು ಸೊರ್ ಸೊರ್ ಅಂತಿತ್ತು. ನನ್ನ ನೋಡಿ ಬಾಯಿ ತಗದ್ರು. ತುಟಿ ಅಲುಗಾಡಿದ್ವು. ಏನೂ ಬರಲಿಲ್ಲ. ಕಾಕಿ ಅವ್ರ ಕಾಲು ತಿಕ್ಕೋತ ಕುಂತಿದ್ರು, ಗಂಡನ ಬಾಯಿ ನೋಡಲಿಲ್ಲ.

ಕುತ್ತಿಗಿಗೆ ಒತ್ತಿ ಹಿಡದು ಮಾತಾಡೂ ಒಂದು ಮಷಿನ್ ದವಾಖಾನ್ಯಾಗ ಕೊಟ್ಟಿದ್ರು. ಮನಿಗೆ ಬಂದ ಮ್ಯಾಲ ಕಾಕಾ ಒಮ್ಮೆ ಹಚ್ಚಿದ್ರು, ಹಿಟ್ಟಿನ ಗಿರಣಿ ಮಾತಾಡಿದಂಗ ಸಪ್ಪಳ ಬಂತು, ತಗದು ಒಗದ್ರು. ಮತ್ತ ಮುಟ್ಟಲಿಲ್ಲ. ಪಾಟಿ ಮ್ಯಾಲ ಬರೀತಿದ್ರು, ನಾನು ಮಗಾ ಓದ್ತಿದ್ವಿ. ಕಾಕೀನ ಕರೀಬೇಕಂದ್ರ ಸ್ಟೀಲ್ ವಾಟಗಾ ಗ್ವಾಡಿಗೆ ಬಡೀತಿದ್ರು. ಹುಬ್ಬು ಏರಿಸಿದ್ರ ತಿಳೀತೈತಿ ಅಂದಿದ್ರಲ್ಲ, ಒಂದು ತಿಳೀತಿತ್ತು, ಹತ್ತು ತಿಳೀತಿರಲಿಲ್ಲ. ನೀರ ಕೇಳಿದ್ರ ಔಷಧ ಬರ್ತಿತ್ತು. ಕಾಕಾ ಸಿಟ್ಟಿಗೆ ವಾಟಗಾ ಒಗೀತಿದ್ರು, ಕಾಕಿ ಸೆರಗಿನ್ಯಾಗ ಮಾರಿ ಮುಚ್ಕೊಂಡು ಒಳಗ ಹೋಗ್ತಿದ್ರು. ನನಗ ಇಬ್ಬರ ಮ್ಯಾಲೂ ಅಲ್ಲ, ಆ ಒಂಬತ್ತರ ಮ್ಯಾಲ ಸಿಟ್ಟು ಬರ್ತಿತ್ತು.

ಒಂಚೂರು ಕಸುವು ಬಂದ ಮ್ಯಾಲ ಕಾಕಾ ಮ್ಯಾಲಿನ ಖೋಲಿಗೆ ಹತ್ತಿದ್ರು. ಪ್ರೋಗ್ರಾಮ್ ತಗದು ತೋರಿಸಿದೆ, ಸ್ಪೀಕರ್ ಹಚ್ಚಿದೆ, ಕೀ ಒತ್ರಿ ಅಂದೆ. ಒತ್ತಿದ್ರು. ಸಿ ಕ್ಯೂ ಕಾಂಟೆಸ್ಟ್, ಸಿ ಕ್ಯೂ ಕಾಂಟೆಸ್ಟ್ ಅಂತ ಕಾಕಾನ ದನಿ ಖೋಲಿ ತುಂಬಾ ಮೊಳಗಿತು.

ಕೆಳಗಿಂದ "ಬಂದೇರೀ!" ಅಂತ ಕೂಗು ಕೇಳ್ತು. ಆಮ್ಯಾಲ ಏನೋ ಭಾಂಡಿ ಬಿದ್ದ ಸಪ್ಪಳ, ಏಣಿ ಮ್ಯಾಲ ಧಡ ಧಡ ಕಾಲು. ಕಾಕಿ ಬಾಗಲದಾಗ ಬಂದು ನಿಂತ್ರು, ಕೈಯೆಲ್ಲಾ ಹಿಟ್ಟು, ಮಾರಿ ಅರಳಿ ಬಿಟ್ಟಿತ್ತು. ಕಾಕಾನ ಬಾಯಿ ಮುಚ್ಚಿತ್ತು. ಕುತ್ತಿಗಿಗೆ ಅರಿವಿ ಹಂಗ ಇತ್ತು. ದನಿ ಮಾತ್ರ ಇನ್ನೂ ಸ್ಪೀಕರಿನ್ಯಾಗ ಕೂಗಾಕತ್ತಿತ್ತು. ಕಾಕಿ ಒಮ್ಮೆ ಅದನ್ನ ನೋಡಿದ್ರು, ಒಮ್ಮೆ ಗಂಡನ್ನ ನೋಡಿದ್ರು, ಅಲ್ಲೇ ಮೆಟ್ಟಲ ಮ್ಯಾಲ ಕುಂತು ಬಿಟ್ರು. ಅಯ್ಯ ದೇವರ, ಆ ಮಾರಿ ಮತ್ತ ನೋಡೂ ಹಣೇಬಾರ ಯಾರಿಗೂ ಬ್ಯಾಡ.

ಕಾಕಾ ಪಾಟಿ ತಗೊಂಡು ಬರದ್ರು. "ಹೆಡ್‌ಫೋನ್. ಹೊರಗ ಹೋಗ್ಲಿ. ಮನ್ಯಾಗ ಕೇಳಬಾರ್ದು."

ಆಯ್ಕಿ ಪಟ್ಟ್ಯಾಗ ಅದನ್ನೂ ಒಂದು ಸೇರಿಸಿದೆ. ದನಿ ಆಂಟೆನಾಕ್ಕ ಹೋಗಬೇಕು, ಖೋಲಿಯೊಳಗ ಕೇಳಬಾರ್ದು. ಈಗ ಭಾಳ ಮಂದಿ ಆ ಆಯ್ಕಿ ಬಳಸ್ತಾರ, ಮನ್ಯಾಗ ಹುಡುಗರು ಮಲಗಿದಾಗ ಛಲೋ ಆಗ್ತೈತೆಂತ. ಅದು ಹೆಂಗ ಹುಟ್ಟಿತು ಅಂತ ನಾ ಯಾರಿಗೂ ಹೇಳಾಕ ಹೋಗಿಲ್ಲ.

ಸ್ಪರ್ಧಾದ ಶನಿವಾರ ಮಧ್ಯಾಹ್ನ ನಾನೂ ಇನ್ನೊಂದು ಹೆಡ್‌ಫೋನ್ ಹಾಕ್ಕೊಂಡು ಅವ್ರ ಬಾಜೂಕ ಕುಂತಿದ್ದೆ. ಸಂಜಿ ಕಡೆ ಯುರೋಪಿನ ದನಿ ಬರೂ ದಾರಿ ತೆರೀತು. ಕಾಕಾ ಟೈಪ್ ಮಾಡ್ತಿದ್ರು, ಅವ್ರ ದನಿ ಹೋಗ್ತಿತ್ತು, ಎದುರಿನಿಂದ ಉತ್ತರ ಬರ್ತಿತ್ತು. ನೀವು ಫೈವ್ ನೈನ್. ನೀವೂ ಫೈವ್ ನೈನ್. ಇಟಲಿಯವ ಒಬ್ಬ, ಹಳೇ ಗುರ್ತಿನಾಂವ ಇರಬೇಕು, ಗಡಿಬಿಡ್ಯಾಗೂ ಒಂದ ಗಳಗಿ ನಿಂತು, ಭಾಳ ದಿನಕ್ಕ ನಿಮ್ಮ ದನಿ ಕೇಳಿದ್ನೆಪಾ, ಛಲೋ ಐತಿ ದನಿ, ಆರಾಮ ಅದೀರಿ ಹೌದಿಲ್ಲೋ ಅಂತ ಇಂಗ್ಲೀಷಿನ್ಯಾಗ ಕೇಳಿದ. ಕಾಕಾನ ಬೆರಳು ಕೀ ಮ್ಯಾಲ ನಿಂತ್ವು. ಅದಕ್ಕ ಉತ್ತರ ಕೊಡೂ ಮಾತು ನಾವು ಇಟ್ಟಿರಲಿಲ್ಲ. ಥ್ಯಾಂಕ್ಯೂ ಅನ್ನೂ ಕೀ ಒತ್ತಿದ್ರು. ಆಮ್ಯಾಲ ಹೆಡ್‌ಫೋನ್ ತಗದು ಟೇಬಲ್ ಮ್ಯಾಲ ಇಟ್ಟು, ಎರಡೂ ಕೈಲೆ ಮಾರಿ ಮುಚ್ಕೊಂಡು ಅತ್ರು. ಅಳೂಕೂ ದನಿ ಇರಲಿಲ್ಲ ಅವ್ರಿಗೆ, ಹೆಗಲು ಅಲುಗಾಡ್ತಿದ್ವು, ತೂತಿನಿಂದ ಗಾಳಿ ಬರ್ತಿತ್ತು. ನಾ ಬೆನ್ನ ಮ್ಯಾಲ ಕೈ ಇಟ್ಕೊಂಡು ಕುಂತೆ. ಒಂದಿಷ್ಟು ಹೊತ್ತಾದ ಮ್ಯಾಲ ಪಾಟಿ ಎಳಕೊಂಡು ಬರದ್ರು. "ಎಂಟು ಇನ್ನೂ ಸಿಟ್ಟಿಲೆ ಅಂದಂಗ ಐತಿ."

ಅದ ಅವ್ರು ಆಡಿದ ಕೊನಿ ಸ್ಪರ್ಧಾ. ಚಳಿಗಾಲ ಬರೂದ್ರಾಗ ಕುತ್ತಿಗಿ ಬಾಜೂಕ ಮತ್ತ ಗಡ್ಡಿ ಎದ್ವು. ಡಾಕ್ಟರ್ ಈ ಸಲ ತಾರೀಖು ಕೊಡಲಿಲ್ಲ, ಮನ್ಯಾಗ ಇಟ್ಕೊಂಡು ನೋಡ್ಕೋರಿ ಅಂದ್ರು. ಏಣಿ ಹತ್ತೂದು ಮುಗೀತು. ಕೆಳಗ ಪಡಸಾಲ್ಯಾಗ ಮಂಚ ಹಾಕಿದ್ರು. ಮೂಗಿನ ನಳಿಗ್ಯಾಗ ಗಂಜಿ, ಔಷಧದ ವಾಸನಿ, ಕಫ ಎಳಿಯೂ ಮಷಿನ್ ಸಪ್ಪಳ. ಲ್ಯಾಪ್‌ಟಾಪ್ ಮಾತ್ರ ಮಂಚದ ಬಾಜೂಕ ಸ್ಟೂಲ್ ಮ್ಯಾಲ ಇರಬೇಕು ಅಂತ ಹಟಾ. ರೇಡಿಯೋ ಇಲ್ಲ, ತಂತಿ ಇಲ್ಲ, ಬರೇ ಪ್ರೋಗ್ರಾಮ್. ಮನ್ಯಾಗ ಕೇಳಬಾರ್ದು ಅನ್ನೂ ಆಯ್ಕಿ ಅವರ ತಗದು ಹಾಕಿದ್ರು.

ನಾ ಹೋದಾಗೆಲ್ಲಾ "ಹೆಂಗದೀರಿ ಕಾಕಾ?" ಅಂತಿದ್ದೆ. ಅವ್ರು ಎಲಬು ಉಳದ ಕೈ ಎತ್ತಿ ಒಂದ ಕೀ ಒತ್ತತಿದ್ರು.

"ಫೈವ್ ನೈನ್."

ನಾವಿಬ್ಬರೂ ನಗ್ತಿದ್ವಿ. ನಾ ಓಣಿಗೆ ಬಂದು ಗ್ವಾಡಿ ಹಿಡಕೊಂಡು ಅಳ್ತಿದ್ದೆ, ಅದು ಬ್ಯಾರೆ ಮಾತು. ಕಾಕಿ ಕೇಳಿದ್ರೂ ಅದನ್ನ ಒತ್ತತಿದ್ರಂತ. ನೀರ ಬೇಕೇನ್ರಿ? ಫೈವ್ ನೈನ್. ಭಾಳ ನೋಯ್ತೈತೇನ್ರಿ? ಫೈವ್ ನೈನ್. ಕಾಕಿಗೆ ಅದೇನಂತ ಗೊತ್ತಿರಲಿಲ್ಲ, ಆದ್ರ ಗಂಡನ ದನಿ ಹೌದಲ್ಲ, ಒಮ್ಮೆನೂ ಅರ್ಥ ಕೇಳಲಿಲ್ಲ. ಒಂದು ಮುಂಜಾನೆ ಕಾಕಿ ಮಾರಿ ಒರಸಾಕ ಅರಿವಿ ತೊಯ್ಸಿಕೊಂಡು ಬರೂದ್ರಾಗ ಕಾಕಾ ಹೋಗಿದ್ರು. ಕೈ ಸ್ಟೂಲ್ ಕಡೆ ಇತ್ತಂತ.

ಮಣ್ಣು ಮಾಡಿ, ನೆಂಟರೆಲ್ಲಾ ಹೋದ ಮ್ಯಾಲ ನಾ ಒಂದಿನ ಹೋದೆ. ಮಗಾ ಅಂಗಡಿಗೆ ಹೋಗಿದ್ದ. ಮಂಚ ಗ್ವಾಡಿಗೆ ನಿಲ್ಲಿಸಿದ್ರು, ಸ್ಟೂಲ್ ಮ್ಯಾಲ ಲ್ಯಾಪ್‌ಟಾಪ್ ಹಂಗ ಇತ್ತು, ಮ್ಯಾಲ ಒಂದು ಟಾವೆಲ್ ಹೊಚ್ಚಿದ್ರು. ಕಾಕಿ ನನಗ ಚಾ ಕೊಟ್ಟು ಎದುರಿಗೆ ಕುಂತ್ರು. ಬಾಜೂಮನಿ ಹೊಲಿಗಿ ಮಷಿನ್ ಓಡಾಕತ್ತಿತ್ತು.

"ಯವ್ವಾ, ಒಂದ ಮಾತು ಕೇಳ್ಲೇನು? ಅವತ್ತ ನೀವು ಮ್ಯಾಲ ಕುಂತು ಇವ್ರ ದನಿ ಹಿಡಿಯಾಕತ್ತಿದ್ರಿ. ಕುಕ್ಕರ್ ಬಂದ್ ಮಾಡ ಅಂತ ನನಗ ಒದರಿದ್ರಲ್ಲ, ನೆನಪೈತಿಲ್ಲೋ? ಆಮ್ಯಾಲ ನನಗ ಅಷ್ಟ ಜೋರಾಗಿ ಏನೂ ಅಂದ ಇಲ್ಲ ಅವ್ರು. ಅದು ಇದರಾಗ ಐತೇನು?"

ನಾ ಚಾ ಕೆಳಗ ಇಟ್ಟೆ. ಇಲ್ಲ ಅಂತ ನನಗ ಗೊತ್ತಿತ್ತು. ಆದ್ರೂ ಲ್ಯಾಪ್‌ಟಾಪ್ ತಗದು ಎಲ್ಲಾ ಫೋಲ್ಡರ್ ಹುಡುಕಿದೆ, ಅಳಿಸಿದ್ದನ್ನ ಹೊಳ್ಳಿ ತರೂ ಉಪಾಯ ಎಷ್ಟು ಗೊತ್ತೋ ಅಷ್ಟೂ ಮಾಡಿದೆ. ಆ ದಿನದ್ದು ಒಂದ ಫೈಲ್ ಸಿಕ್ತು. ಕೊನಿ ಒಂಬತ್ತು. ಸ್ವಚ್ಛ, ಹಿಂದ ಮುಂದ ಒಂದು ಚೂರು ಕಸಾ ಇಲ್ಲ. ಕುಕ್ಕರ್ ಸೀಟಿ ಸುರು ಆಗೂ ಜಾಗಾಕ್ಕ ಸರಿಯಾಗಿ ಕತ್ತರಿಸಿ ಒಗದಿತ್ತು. ಪ್ರೋಗ್ರಾಮಿನ್ಯಾಗ ಏನೂ ತಪ್ಪಿರಲಿಲ್ಲ. ಕಾಕಾ ಹೆಂಗ ಕೇಳಿದ್ರೋ ಹಂಗ ಕೆಲಸ ಮಾಡಿತ್ತು. ತಪ್ಪಿದ್ರ ಎಷ್ಟು ಛಲೋ ಇತ್ತು ಅಂತ ಹಲ್ಲು ಕಡಿದೆ.

"ಇಲ್ಲ ಕಾಕಿ. ಅದು ಹೋಗೇತಿ."

"ಹೋಗ್ಲಿ ಬಿಡ" ಅಂದ್ರು ಕಾಕಿ. ಮುಂದ ಸರದು, ಗಂಡ ಒತ್ತೂದನ್ನ ನೋಡಿ ನೋಡಿ ಕಲ್ತಿದ್ರು ಕಾಣ್ತೈತಿ, ಸರಿಯಾಗಿ ಆ ಕೀ ಹುಡುಕಿ ಒತ್ತಿದ್ರು.

"ಫೈವ್ ನೈನ್."

ಪಡಸಾಲಿ ತುಂಬಾ ಕೇಳ್ತು. ಬಾಜೂಮನಿ ಹೊಲಿಗಿ ಮಷಿನ್ ಥಟ್ಟನ ನಿಂತ್ತು.

"ಇದರ ಅರ್ಥ ಏನ್ವಾ? ಏನ ಕೇಳಿದ್ರೂ ಇದನ್ನ ಅಂತಿದ್ರು ನನಗ."

ಸ್ಪರ್ಧಾದ ರಿವಾಜು ಹೇಳೂದಾಗಿತ್ತು. ಎದುರಿನವರ ಮಾತು ಕೇಳ್ಲಿ ಬಿಡ್ಲಿ ಎಲ್ಲಾರಿಗೂ ಹಂಗ ಅಂತಾರ ಕಾಕಿ, ಅದರಾಗ ಖರೇ ಏನಿರೂದಿಲ್ಲ ಅಂತ. ಖಾನೆ ಖಾಲಿ ಬಿಟ್ಟಾಕಿ ನಾನು. ನನ್ನ ಬಾಯಿಗೆ ಅದು ಬರಲಿಲ್ಲ.

"ನಿಮ್ಮ ದನಿ ಗಟ್ಟಿ ಕೇಳಾಕತ್ತೈತಿ, ನೀವು ಹೇಳಿದ್ದು ಪೂರ್ತಿ ತಿಳೀತು ಅಂತ ಕಾಕಿ."

ಕಾಕಿ ಸೆರಗು ಸರಿ ಮಾಡ್ಕೊಂಡು, ಸ್ಟೂಲ್ ಕಡೆ ಬಗ್ಗಿ, ಮ್ಯಾಲಿನ ಖೋಲಿಗೆ ಕೇಳೂವಷ್ಟು ಜೋರಾಗಿ "ಕುಕ್ಕರ್ ಬಂದ್ ಮಾಡೇನ್ರೀ!" ಅಂದ್ರು. ಅಂದು, ಮತ್ತ ಆ ಕೀ ಒತ್ತಿದ್ರು.